ಬಸಿದ ನೀರಿನ ಲೆಕ್ಕ

ಕಿಡ್ನಿ ತೊಂದರೆ ಇದೆ ಎಂದು ಗೊತ್ತಾದ ಮನೆಯಲ್ಲಿ ಮೊದಲ ಪೆಟ್ಟು ಬೀಳುವುದು ತರಕಾರಿಗೆ. ಉಪ್ಪಿನಕಾಯಿಯ ಜಾಡಿ ಇದ್ದಲ್ಲೇ ಇರುತ್ತದೆ, ಊಟಕ್ಕೆ ಹಪ್ಪಳ ಕರಿಯುವುದೂ ನಿಲ್ಲುವುದಿಲ್ಲ. ಸೊಪ್ಪು, ಟೊಮೆಟೊ, ಆಲೂಗಡ್ಡೆ, ನುಗ್ಗೆಕಾಯಿ ಮಾತ್ರ ಒಂದೇ ವಾರದಲ್ಲಿ ಅಡುಗೆಮನೆಯಿಂದ ಗಡಿಪಾರಾಗುತ್ತವೆ. ಬೆಂಗಳೂರಿನ ಪಶ್ಚಿಮಕ್ಕೆ, ವಿಜಯನಗರಕ್ಕೂ ಹಂಪಿನಗರಕ್ಕೂ ಅಂಟಿಕೊಂಡಿರುವ ಆರ್‌ಪಿಸಿ ಲೇಔಟ್‌ನಂಥ ಬಡಾವಣೆಯಲ್ಲಿ ಇದು ಸಣ್ಣ ಗಡಿಪಾರಲ್ಲ. ಮಂಡ್ಯ, ಮಾಗಡಿ, ಕುಣಿಗಲ್, ಹಾಸನದ ಕಡೆಯಿಂದ ಬಂದು ನೆಲೆಸಿದ ಕುಟುಂಬಗಳು ಈ ಸುತ್ತಿನಲ್ಲಿ ಬೇಕಾದಷ್ಟಿವೆ; ವಾರಕ್ಕೆರಡು ಸಲವಾದರೂ ಸೊಪ್ಪು ಬೇಯದಿದ್ದರೆ ಆ ಮನೆಗಳಲ್ಲಿ ಏನೋ ಕಡಿಮೆಯಾದಂತೆ. ಬೆಳಿಗ್ಗೆ ತಳ್ಳುಗಾಡಿ ಬಾಗಿಲಿಗೆ ಬಂದಾಗ ದಂಟು, ಸಬ್ಬಸಿಗೆ, ಮೆಂತ್ಯದ ಕಟ್ಟುಗಳನ್ನು ಮುಟ್ಟಿ ನೋಡಿ ವಾಪಸ್ಸಿಡುವ ಕೈಯ ಹಿಂದೆ ಸಾಮಾನ್ಯವಾಗಿ ಒಂದು ಹಾಳೆ ಇರುತ್ತದೆ. ಜೆರಾಕ್ಸ್ ಮೇಲೆ ಜೆರಾಕ್ಸ್ ಆಗಿ ಅಕ್ಷರ ಮಸುಕಾದ, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಡಯಟ್ ಚಾರ್ಟ್. ಅದರಲ್ಲಿ ಎರಡೇ ಕಾಲಂ: ತಿನ್ನಬಹುದು, ತಿನ್ನಬಾರದು.

ಆ ಹಾಳೆಯಲ್ಲಿರುವ ಭಯ ಸುಳ್ಳಲ್ಲ. ತಪ್ಪಿರುವುದು ಅದನ್ನು ಎಲ್ಲರಿಗೂ ಒಂದೇ ಅಳತೆಯಲ್ಲಿ ಹಂಚಿದ್ದರಲ್ಲಿ. ಕಾಯಿಲೆ ಯಾವ ಹಂತದಲ್ಲಿದೆ, ರಕ್ತದಲ್ಲಿ ಪೊಟ್ಯಾಸಿಯಂ ಎಷ್ಟಿದೆ ಎಂಬುದನ್ನು ಹಾಳೆ ಕೇಳುವುದಿಲ್ಲ. ತರಕಾರಿ ಬೇಯಿಸಿದ ನೀರು ಕೊನೆಗೆ ಯಾರ ಹೊಟ್ಟೆ ಸೇರಿತು ಎಂಬುದನ್ನಂತೂ ಕೇಳುವುದೇ ಇಲ್ಲ. ಈ ಕೊನೆಯ ಪ್ರಶ್ನೆಗೆ ಹಳೇ ಮೈಸೂರಿನ ಅಡುಗೆಯಲ್ಲೇ ಒಂದು ಉತ್ತರವಿದೆ. ಅದಕ್ಕೆ ಬರುವ ಮುನ್ನ ಭಯದ ಮೂಲವನ್ನು ನೋಡಬೇಕು.

ಎರಡು ಮೂತ್ರಪಿಂಡಗಳು ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸಿ, ಬೇಕಾದದ್ದನ್ನೆಲ್ಲ ಮತ್ತೆ ಒಳಕ್ಕೆ ಎಳೆದುಕೊಂಡು, ಒಂದೂವರೆ ಎರಡು ಲೀಟರನ್ನು ಮಾತ್ರ ಮೂತ್ರವಾಗಿ ಹೊರಗೆ ಬಿಡುತ್ತವೆ. ಆಹಾರದಿಂದ ಬಂದ ಪೊಟ್ಯಾಸಿಯಂನಲ್ಲಿ ಹೆಚ್ಚುಕಮ್ಮಿ ಹತ್ತರಲ್ಲಿ ಒಂಬತ್ತು ಪಾಲು ಹೊರಹೋಗುವುದು ಇದೇ ದಾರಿಯಲ್ಲಿ. ದೇಹದ ಪೊಟ್ಯಾಸಿಯಂ ಬಹುಪಾಲು ಜೀವಕೋಶಗಳ ಒಳಗಿರುತ್ತದೆ. ರಕ್ತದಲ್ಲಿ ಓಡಾಡುವುದು ತೀರ ಕೊಂಚ, ಲೀಟರಿಗೆ 3.5ರಿಂದ 5 ಮಿಲಿ ಈಕ್ವಿವಲೆಂಟ್‌ನಷ್ಟು. ಆ ಕೊಂಚದಲ್ಲೇ ಜೀವ ನಿಂತಿದೆ. ಸ್ನಾಯುಗಳು ಬಿಗಿಯುವುದು, ಸಡಿಲುವುದು, ಗುಂಡಿಗೆ ಲಯ ತಪ್ಪದೆ ಬಡಿಯುವುದು ಕೋಶದ ಒಳಗಿನ ಮತ್ತು ಹೊರಗಿನ ಪೊಟ್ಯಾಸಿಯಂ ನಡುವಿನ ಅಂತರದಿಂದ. ರಕ್ತದಲ್ಲಿ ಅದು 6ನ್ನು ದಾಟಿದರೆ ಗುಂಡಿಗೆಯ ಲಯ ಕೆಡುವ ಅಪಾಯವಿದೆ. ಇನ್ನೂ ಕಷ್ಟದ ಸಂಗತಿಯೆಂದರೆ ಅದು ಹೇಳಿಕೇಳಿ ಏರುವುದಿಲ್ಲ. ಕಾಲು ಸೋಲುವುದು, ಸುಸ್ತು, ಜೋಮು ಹಿಡಿಯುವುದು ಕೆಲವರಲ್ಲಿ ಕಾಣಿಸಿದರೆ ಹಲವರಲ್ಲಿ ಏನೂ ಕಾಣಿಸುವುದಿಲ್ಲ. ತರಕಾರಿಯ ಮೇಲೆ ವೈದ್ಯರು ಕಣ್ಣಿಟ್ಟಿರುವುದು ಇದೇ ಕಾರಣಕ್ಕೆ.

ಆದರೆ ಮೂತ್ರಪಿಂಡ ಒಂದೇ ದಿನದಲ್ಲಿ ಕೈಕೊಡುವುದಿಲ್ಲ. ಅದರ ಸೋಸುವ ಶಕ್ತಿಯನ್ನು ಇಜಿಎಫ್‌ಆರ್ ಎಂಬ ಅಂಕಿಯಲ್ಲಿ ಅಳೆದು ಕಾಯಿಲೆಯನ್ನು ಐದು ಹಂತಗಳಾಗಿ ವಿಂಗಡಿಸುತ್ತಾರೆ. 90ಕ್ಕೆ ಮೇಲಿದ್ದರೆ ಮೊದಲನೆಯದು, 60ರಿಂದ 89 ಎರಡನೆಯದು, 30ರಿಂದ 59 ಮೂರನೆಯದು, 15ರಿಂದ 29 ನಾಲ್ಕನೆಯದು, 15ಕ್ಕಿಂತ ಕೆಳಗೆ ಐದನೆಯದು. ಅರ್ಧಕ್ಕರ್ಧ ಶಕ್ತಿ ಹೋದರೂ ಉಳಿದ ಭಾಗ ಹೆಚ್ಚು ದುಡಿದು ಪೊಟ್ಯಾಸಿಯಂ ಅನ್ನು ಹೊರಹಾಕುತ್ತಲೇ ಇರುತ್ತದೆ. ಹಾಗಾಗಿ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ 1.5 ಬಂತೆಂದು ಗಾಬರಿಯಾಗಿ ಆ ಸಂಜೆಯೇ ಪಾಲಕ್ ಕಟ್ಟನ್ನು ಪಕ್ಕದ ಮನೆಗೆ ಕೊಟ್ಟುಬಿಡುವುದಕ್ಕೆ ಹೆಚ್ಚಿನವರ ವಿಷಯದಲ್ಲಿ ಕಾರಣವೇ ಇಲ್ಲ. ಪೊಟ್ಯಾಸಿಯಂ ಅಂಕಿ ಸರಿಯಿದ್ದು, ಕಾಯಿಲೆ ಮೊದಲ ಮೂರು ಹಂತಗಳಲ್ಲಿದ್ದರೆ ತರಕಾರಿ ಬಿಡುವುದರಿಂದ ಲಾಭಕ್ಕಿಂತ ನಷ್ಟವೇ ಜಾಸ್ತಿ. ರಿಪೋರ್ಟಿನಲ್ಲಿ ಕ್ರಿಯಾಟಿನಿನ್ ಒಂದನ್ನೇ ಓದುವ ಅಭ್ಯಾಸ ಈ ಗಲಿಬಿಲಿಗೆ ಅರ್ಧ ಕಾರಣ. ತರಕಾರಿ ಎಷ್ಟು ತಿನ್ನಬೇಕೆಂದು ಹೇಳುವ ಅಂಕಿ ಅದಲ್ಲ. ಅದರ ಕೆಳಗೆ ‘ಸೀರಂ ಪೊಟ್ಯಾಸಿಯಂ’ ಎಂಬ ಸಾಲಿನಲ್ಲಿರುವುದು.

ಸಕ್ಕರೆ ಕಾಯಿಲೆಯ ದಾರಿಯಾಗಿ ಮೂತ್ರಪಿಂಡದ ಕಾಯಿಲೆಗೆ ಬಂದವರ ಪಾಡು ಇನ್ನೂ ವಿಚಿತ್ರ. ಭಾರತದಲ್ಲಿ ಇಂಥವರೇ ಹೆಚ್ಚು. ಹತ್ತು ಹದಿನೈದು ವರ್ಷ ಅವರಿಗೆ ಸಿಕ್ಕ ಬುದ್ಧಿಮಾತು, ಅನ್ನ ಕಡಿಮೆ ಮಾಡಿ, ಮುದ್ದೆ ತಿನ್ನಿ, ಸೊಪ್ಪು ತರಕಾರಿ ಜಾಸ್ತಿ ಮಾಡಿ ಎಂದು. ಕಷ್ಟಪಟ್ಟು ನಾಲಿಗೆಯನ್ನು ಆ ದಾರಿಗೆ ತಂದ ಮೇಲೆ ಇನ್ನೊಂದು ಕೋಣೆಯ ವೈದ್ಯರು ಅದೇ ಸೊಪ್ಪನ್ನು, ಅದೇ ರಾಗಿಯನ್ನು ಅಡ್ಡಗೆರೆ ಎಳೆದು ತೆಗೆಯುತ್ತಾರೆ. ಅಕ್ಕಿಗೆ ಹೋಲಿಸಿದರೆ ರಾಗಿಯಲ್ಲಿ ಪೊಟ್ಯಾಸಿಯಂ ಹಲವು ಪಟ್ಟು, ರಂಜಕವೂ (ಫಾಸ್ಫರಸ್) ಗಣನೀಯವಾಗಿ ಹೆಚ್ಚೆಂಬುದು ನಿಜ. ಹಾಗೆಂದು ಬರೀ ಅನ್ನ, ತಿಳಿಸಾರು, ಬಿಸ್ಕತ್ತಿಗೆ ಇಳಿದರೆ ಸಕ್ಕರೆ ಹತೋಟಿ ತಪ್ಪುತ್ತದೆ. ಸಕ್ಕರೆ ಹತೋಟಿ ತಪ್ಪಿ ಇನ್ಸುಲಿನ್ ಕೆಲಸ ಕೆಟ್ಟರೆ ಕೋಶಗಳ ಒಳಗಿನ ಪೊಟ್ಯಾಸಿಯಂ ರಕ್ತಕ್ಕೆ ಹರಿದು ಬರುತ್ತದೆ. ಪೊಟ್ಯಾಸಿಯಂಗೆ ಹೆದರಿ ಸೊಪ್ಪು ಬಿಟ್ಟವರಿಗೆ ಅದೇ ಪೊಟ್ಯಾಸಿಯಂ ಹಿತ್ತಿಲ ಬಾಗಿಲಿನಿಂದ ಒಳಗೆ ಬಂದಂತೆ.

ತರಕಾರಿಯಿಂದ ಮೂತ್ರಪಿಂಡಕ್ಕೆ ಆಗುವ ಉಪಕಾರ ಚಾರ್ಟಿನಲ್ಲಿ ಎಲ್ಲೂ ಬರುವುದಿಲ್ಲ. ಮಾಂಸ, ಮೊಟ್ಟೆ, ಧಾನ್ಯಗಳು ದೇಹದಲ್ಲಿ ಅರಗಿದ ಮೇಲೆ ಆಮ್ಲ ಉಳಿಯುತ್ತದೆ. ಅದನ್ನು ಹೊರಹಾಕುವುದೂ ಮೂತ್ರಪಿಂಡದ ಹೊಣೆ. ಸೋತ ಮೂತ್ರಪಿಂಡಕ್ಕೆ ಅದು ಆಗದೆ ರಕ್ತ ಆಮ್ಲದ ಕಡೆಗೆ ವಾಲುತ್ತದೆ, ಮೂಳೆ ಸವೆಯುತ್ತದೆ, ಮಾಂಸಖಂಡ ಕರಗುತ್ತದೆ. ಸೋಡಾ ಮಾತ್ರೆ ಎಂದು ಜನ ಕರೆಯುವ ಸೋಡಿಯಂ ಬೈಕಾರ್ಬನೇಟ್ ಕೊಡುವುದು ಇದಕ್ಕಾಗಿ. ತರಕಾರಿ ಹಣ್ಣುಗಳು ಅರಗಿದಾಗ ಉಳಿಯುವುದು ಕ್ಷಾರ, ಅಂದರೆ ಅದೇ ಸೋಡಾ ಮಾತ್ರೆಯ ಕೆಲಸ. ಅಮೆರಿಕದ ಟೆಕ್ಸಾಸಿನ ವೈದ್ಯರು ರಕ್ತದೊತ್ತಡದಿಂದ ಮೂತ್ರಪಿಂಡ ಕೆಟ್ಟು ನಾಲ್ಕನೆಯ ಹಂತದಲ್ಲಿದ್ದವರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಸೋಡಾ ಮಾತ್ರೆ, ಇನ್ನೊಂದಕ್ಕೆ ಹಣ್ಣು ತರಕಾರಿ ಕೊಟ್ಟು ಒಂದು ವರ್ಷ ಗಮನಿಸಿದರು. 2013ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಎರಡೂ ಗುಂಪುಗಳಲ್ಲಿ ಆಮ್ಲ ತಗ್ಗಿತು, ತರಕಾರಿ ತಿಂದವರ ಪೊಟ್ಯಾಸಿಯಂ ಏರಲಿಲ್ಲ. ಆರಂಭದಲ್ಲೇ ಪೊಟ್ಯಾಸಿಯಂ ಜಾಸ್ತಿ ಇದ್ದವರನ್ನು ಅದರಲ್ಲಿ ಸೇರಿಸಿಕೊಂಡಿರಲಿಲ್ಲ ಎಂಬುದನ್ನು ಮರೆಯಬಾರದು. ಈ ಷರತ್ತನ್ನು ಬಿಟ್ಟು ಫಲಿತಾಂಶವನ್ನಷ್ಟೇ ಫಾರ್ವರ್ಡ್ ಮಾಡುವವರಿಂದ ಅಪಾಯ ತಪ್ಪಿದ್ದಲ್ಲ.

ಇನ್ನೊಂದು ಉಪಕಾರ ನಾರಿನದು. ಮೂತ್ರಪಿಂಡ ಸೋತಂತೆ ದೊಡ್ಡಕರುಳು ಪೊಟ್ಯಾಸಿಯಂ ಹೊರಹಾಕುವ ಕೆಲಸದಲ್ಲಿ ಹೆಚ್ಚು ಪಾಲು ವಹಿಸಿಕೊಳ್ಳುತ್ತದೆ. ತರಕಾರಿ ಬಿಟ್ಟು ಮಲಬದ್ಧತೆ ಹಿಡಿಸಿಕೊಂಡವರಲ್ಲಿ ಆ ದಾರಿಯೂ ಮುಚ್ಚುತ್ತದೆ. ಮೂರು ದಿನ ಹೊಟ್ಟೆ ಕಟ್ಟಿಕೊಂಡವರ ರಕ್ತದಲ್ಲಿ ಪೊಟ್ಯಾಸಿಯಂ ಏರಿದ್ದಕ್ಕೆ ಹಿಂದಿನ ರಾತ್ರಿಯ ಹುರುಳಿಕಾಯಿ ಪಲ್ಯವನ್ನು ಬೈಯುವುದು, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಮಾರ್ಗಸೂಚಿಗಳೂ ಈಚೆಗೆ ಈ ದಿಕ್ಕಿಗೇ ತಿರುಗಿವೆ. ಅಮೆರಿಕದ ನ್ಯಾಷನಲ್ ಕಿಡ್ನಿ ಫೌಂಡೇಶನ್ 2020ರಲ್ಲಿ ಹೊರತಂದ ಆಹಾರ ಮಾರ್ಗಸೂಚಿ ಪೊಟ್ಯಾಸಿಯಂಗೆ ಎಲ್ಲರಿಗೂ ಒಂದೇ ಮಿತಿ ಹಾಕದೆ, ರಕ್ತದ ಅಂಕಿ ನೋಡಿ ಹೊಂದಿಸಿಕೊಳ್ಳಿ ಎನ್ನುತ್ತದೆ. ಕೆಡಿಗೋ ಎಂಬ ಅಂತಾರಾಷ್ಟ್ರೀಯ ಸಂಸ್ಥೆಯ 2024ರ ಮಾರ್ಗಸೂಚಿ ಸಸ್ಯಾಹಾರದ ಪಾಲು ಹೆಚ್ಚಿರಲಿ, ಕಾರ್ಖಾನೆಯಲ್ಲಿ ತಯಾರಾದ ತಿನಿಸು ಕಡಿಮೆಯಾಗಲಿ ಎಂದು ಸೂಚಿಸುತ್ತದೆ. ಫ್ರಿಜ್ಜಿನ ಮೇಲಿನ ಹಾಳೆ ಬಹುಶಃ ಇವೆರಡಕ್ಕಿಂತ ಹಳೆಯದು.

ಹಾಳೆಗಿಂತಲೂ ಹಳೆಯದಾದ ಗೊಂದಲವೊಂದು ಮಾತಿನಲ್ಲೇ ಇದೆ. ಕಿಡ್ನಿಯಲ್ಲಿ ಕಲ್ಲಾದವರೂ ‘ಕಿಡ್ನಿ ಪ್ರಾಬ್ಲಂ’ ಎನ್ನುತ್ತಾರೆ, ಕಿಡ್ನಿ ಸೋತವರೂ ಅದನ್ನೇ ಹೇಳುತ್ತಾರೆ. ನೆಂಟರು ಹೇಳುವ ಪಥ್ಯ ಮಾತ್ರ ಯಾವಾಗಲೂ ಕಲ್ಲಿನದು: ಬಾಳೆದಿಂಡಿನ ರಸ ಕುಡಿಯಿರಿ, ಹುರುಳಿ ಕಟ್ಟು ಕುಡಿಯಿರಿ, ಎಳನೀರು ಬಿಡಬೇಡಿ, ನೀರು ಎಷ್ಟಾದರಷ್ಟು ಕುಡಿಯಿರಿ. ಕಲ್ಲಿನವರಿಗೆ ನೀರು ಜಾಸ್ತಿ ಕುಡಿಯುವುದು ಒಳ್ಳೆಯದೇ. ಮೂತ್ರ ಇಳಿಯದ, ಕಾಲು ಊದಿಕೊಂಡ ಐದನೆಯ ಹಂತದವರಿಗೆ ಅದೇ ನೀರು ಶ್ವಾಸಕೋಶಕ್ಕೆ ಏರಿ ಉಸಿರು ಕಟ್ಟಿಸುತ್ತದೆ. ಹುರುಳಿ ಕಟ್ಟು, ದಿಂಡಿನ ರಸಗಳಲ್ಲಿ ಪೊಟ್ಯಾಸಿಯಂ ಧಾರಾಳ. ಲೋಟ ಎಳನೀರಿನಲ್ಲಿ ಸುಮಾರು 600 ಮಿಲಿಗ್ರಾಂ ಇರುತ್ತದೆ. ಆಸ್ಪತ್ರೆಗೆ ನೋಡಲು ಬರುವವರು ಕೈಯಲ್ಲಿ ಹಿಡಿದು ತರುವುದು ಅದನ್ನೇ. ಎರಡು ಕಾಯಿಲೆಗೆ ಕನ್ನಡದಲ್ಲಿ ಎರಡು ಹೆಸರು ಬಳಕೆಗೆ ಬಂದಿದ್ದರೆ ಇಷ್ಟರಲ್ಲಿ ಒಂದಿಷ್ಟು ಅನಾಹುತ ತಪ್ಪುತ್ತಿತ್ತೇನೋ.

ಇನ್ನು ಬೇಯಿಸಿದ ನೀರಿನ ವಿಷಯ. ಪೊಟ್ಯಾಸಿಯಂ ನೀರಿನಲ್ಲಿ ಕರಗುವ ಲವಣ. ಹೆಚ್ಚಿದ ತರಕಾರಿಯನ್ನು ಧಾರಾಳ ನೀರಿನಲ್ಲಿ ಕುದಿಸಿದರೆ ಜೀವಕೋಶಗಳ ಗೋಡೆ ಒಡೆದು ಅದು ನೀರಿಗೆ ಇಳಿಯುತ್ತದೆ. ಆಲೂಗಡ್ಡೆಯ ಮೇಲೆ ಅಮೆರಿಕದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಹೋಳು ಮಾಡಿ ಬೇಯಿಸಿದಾಗ ಪೊಟ್ಯಾಸಿಯಂ ಸುಮಾರು ಅರ್ಧಕ್ಕೆ ಇಳಿಯಿತು, ತುರಿದು ಬೇಯಿಸಿದಾಗ ಮುಕ್ಕಾಲು ಪಾಲು ಹೋಯಿತು. ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಸಿಟ್ಟದ್ದರಿಂದ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ. ಚಾರ್ಟುಗಳು ಇಂದಿಗೂ ಹೇಳುವುದು ರಾತ್ರಿ ನೆನೆಹಾಕಿ ಎಂದು. ಮನೆಯವರು ಶ್ರದ್ಧೆಯಿಂದ ಆಲೂಗಡ್ಡೆಯನ್ನು ನೀರಿನಲ್ಲಿ ಮಲಗಿಸಿ ಬೆಳಿಗ್ಗೆ ಕುಕ್ಕರಿಗೆ ಹಾಕುತ್ತಾರೆ, ಕುಕ್ಕರಿನ ನೀರನ್ನು ಹುಳಿಗೆ ಸುರಿಯುತ್ತಾರೆ. ಶ್ರಮ ಪೂರ್ತಿ, ಫಲ ಸೊನ್ನೆ.

ಹಳೇ ಮೈಸೂರಿನ ಬಸ್ಸಾರು ಈ ಕುದಿಸಿ ಬಸಿಯುವ ಕೆಲಸವನ್ನು ತಲೆಮಾರುಗಳಿಂದ ಮಾಡುತ್ತ ಬಂದಿದೆ. ತೊಗರಿಬೇಳೆಯನ್ನೋ ಕಾಳನ್ನೋ ಒಲೆಗಿಟ್ಟು, ಅದು ಮುಕ್ಕಾಲು ಬೆಂದಾಗ ಸೋಸಿ ಹೆಚ್ಚಿದ ದಂಟಿನ ಸೊಪ್ಪನ್ನೋ ಹುರುಳಿಕಾಯಿಯನ್ನೋ ಹಾಕುತ್ತಾರೆ. ಬೇಳೆ ಬೆಂದಿರಬೇಕು, ಕರಗಿರಬಾರದು. ಬೆರಳಲ್ಲಿ ಒತ್ತಿದರೆ ಒಡೆಯಬೇಕು, ನೀರು ಮಾತ್ರ ತೆಳುವಾಗಿಯೇ ಇರಬೇಕು. ಆ ಹದದಲ್ಲಿ ಪಾತ್ರೆಯ ಬಾಯಿಗೆ ತಟ್ಟೆ ಹಿಡಿದು ನೀರನ್ನು ಬೇರೆ ಪಾತ್ರೆಗೆ ಬಸಿಯುತ್ತಾರೆ. ಸೊಪ್ಪಿನ ಬಣ್ಣವೆಲ್ಲ ಇಳಿದು ನೀರು ಹಸಿರುಗಂದು ಬಣ್ಣಕ್ಕೆ ತಿರುಗಿರುತ್ತದೆ. ಉಳಿದ ಸೊಪ್ಪು ಬೇಳೆಗೆ ಸಾಸಿವೆ, ಒಣಮೆಣಸಿನಕಾಯಿ, ಬೆಳ್ಳುಳ್ಳಿಯ ಒಗ್ಗರಣೆ ಬಿದ್ದು ತೆಂಗಿನತುರಿ ಸೇರಿದರೆ ಪಲ್ಯ. ಬಸಿದ ನೀರಿಗೆ ಹುರಿದ ಈರುಳ್ಳಿ, ಮೆಣಸು, ಜೀರಿಗೆ, ಹುಣಸೆಹಣ್ಣು, ಒಂದು ಹಿಡಿ ಬೆಂದ ಸೊಪ್ಪು ಬೇಳೆ ಸೇರಿಸಿ ರುಬ್ಬಿದ ಖಾರ ಹಾಕಿ ಕುದಿಸಿದರೆ ಸಾರು. ಒಂದು ಪಾತ್ರೆಯಿಂದ ಎರಡು ಅಡುಗೆ.

ಬಸಿದ ನೀರನ್ನು ಚೆಲ್ಲಬಾರದು, ಸತ್ವವೆಲ್ಲ ಅದರಲ್ಲೇ ಇದೆ ಎಂಬುದು ಹಳಬರ ಮಾತು. ರಸಾಯನಶಾಸ್ತ್ರದ ಕಣ್ಣಿನಿಂದ ನೋಡಿದರೂ ಆ ಮಾತು ಬಹುಮಟ್ಟಿಗೆ ನಿಜ. ಪೊಟ್ಯಾಸಿಯಂ, ಫೋಲೇಟ್, ಸಿ ಜೀವಸತ್ವಗಳ ದೊಡ್ಡ ಪಾಲು ಆ ನೀರಿನಲ್ಲೇ ಇರುತ್ತದೆ. ಆರೋಗ್ಯವಂತರಿಗೆ ಅದು ವರ. ಪೊಟ್ಯಾಸಿಯಂ 5.8 ಇರುವವರಿಗೆ ಅದೇ ಮಾತನ್ನು ತಿರುವಿ ಓದಬೇಕು: ಸತ್ವವೆಲ್ಲ ನೀರಿನಲ್ಲಿರುವುದರಿಂದ ಪಲ್ಯ ಅವರಿಗೆ, ಸಾರು ಉಳಿದವರಿಗೆ. ಬೇರೆ ಒಲೆ ಹಚ್ಚಬೇಕಾಗಿಲ್ಲ, ಬೇರೆ ತರಕಾರಿ ತರಬೇಕಾಗಿಲ್ಲ. ಪಥ್ಯದ ಊಟವೆಂದು ಒಂದು ಸಣ್ಣ ಡಬ್ಬಿಯಲ್ಲಿ ಬೇಯಿಸಿಟ್ಟ ಸಪ್ಪೆ ತರಕಾರಿಯನ್ನು ಒಬ್ಬರೇ ಕೂತು ತಿನ್ನುವ ಶಿಕ್ಷೆಯೂ ಇಲ್ಲ. ನೀರು ಸ್ವಲ್ಪ ಹೆಚ್ಚಿಗೆ ಇಡುವುದು, ಸೊಪ್ಪನ್ನು ಸಣ್ಣಗೆ ಹೆಚ್ಚುವುದು, ಬಸಿದ ಮೇಲೆ ಚಮಚದಿಂದ ಒತ್ತಿ ಉಳಿದ ನೀರನ್ನೂ ತೆಗೆಯುವುದು, ಉಪ್ಪನ್ನು ಬೇಯುವಾಗ ಹಾಕದೆ ಆಮೇಲೆ ಅವರವರ ಪಾಲಿಗೆ ಅಳೆದು ಹಾಕುವುದು, ಇಷ್ಟು ತಿದ್ದುಪಡಿ ಸಾಕು. ಬೇಳೆ ಕಾಳಿನ ಪಾಲನ್ನು ಮಾತ್ರ ವೈದ್ಯರು ಹೇಳಿದ ಪ್ರೋಟೀನ್ ಲೆಕ್ಕಕ್ಕೆ ಹೊಂದಿಸಿಕೊಳ್ಳಬೇಕು.

ಇದೇ ಅಳತೆಗೋಲು ಹಿಡಿದರೆ ಇತರ ಅಡುಗೆಗಳ ಗುಣವೂ ತಿಳಿಯುತ್ತದೆ. ಮಸ್ಸೊಪ್ಪಿನಲ್ಲಿ ಅದೇ ಸೊಪ್ಪು, ಅದೇ ಬೇಳೆ. ಆದರೆ ಬೆಂದ ನೀರಿನೊಂದಿಗೇ ಮಸೆಯುವುದರಿಂದ ಒಂದು ಹನಿಯೂ ಹೊರಹೋಗುವುದಿಲ್ಲ. ಹುಳಿ, ಕೂಟುಗಳೂ ಹಾಗೆಯೇ. ಉಪ್ಸಾರಿನಲ್ಲಿ ಬಸಿದ ನೀರೇ ಸಾರು, ಅದರ ಮೇಲೆ ಉಪ್ಪು, ಖಾರ. ಮಂಡ್ಯದವರಿಗೆ ಅಮೃತ, ಈ ಕಾಯಿಲೆಯವರಿಗೆ ಎರಡು ಕಡೆಯಿಂದಲೂ ಪೆಟ್ಟು. ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವುದು ತಿಳಿಸಾರು. ಹುಷಾರಿಲ್ಲದವರಿಗೆ ಹಗುರವೆಂದು ಬೇಳೆ ಕಟ್ಟಿಗೆ ಟೊಮೆಟೊ ಕಿವುಚಿ, ಹುಣಸೆಹಣ್ಣು ಹಿಂಡಿ, ಬಟ್ಟಲುಗಟ್ಟಲೆ ಕುಡಿಸುತ್ತಾರೆ. ಹೊಟ್ಟೆಗೆ ಅದು ಹಗುರ ಹೌದು. ಬೇಳೆಯಿಂದ ಇಳಿದದ್ದು, ಟೊಮೆಟೊದಿಂದ ಬಂದದ್ದು, ಹುಣಸೆಯಿಂದ ಹಿಂಡಿದ್ದು ಎಲ್ಲ ಕೂಡಿ ಪೊಟ್ಯಾಸಿಯಂ ಲೆಕ್ಕದಲ್ಲಿ ಅದು ಪಲ್ಯಕ್ಕಿಂತ ಭಾರವಾಗಬಹುದು. ಸಾಲದ್ದಕ್ಕೆ ಅದು ನೀರಿನ ಲೆಕ್ಕಕ್ಕೂ ಸೇರುತ್ತದೆ.

ಕುದಿಸಿ ಬಸಿಯುವುದನ್ನು ಎಲ್ಲರ ಮೇಲೂ ಹೇರಬಾರದು ಎಂಬುದನ್ನೂ ಇಲ್ಲೇ ಹೇಳಬೇಕು. ಪೊಟ್ಯಾಸಿಯಂ ಸರಿಯಿರುವವರು ಹೀಗೆ ಮಾಡಿದರೆ ಒಳ್ಳೆಯದನ್ನೇ ಚೆಲ್ಲಿದಂತೆ. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ಕನಿಷ್ಠ 3,510 ಮಿಲಿಗ್ರಾಂ ಪೊಟ್ಯಾಸಿಯಂ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ರಕ್ತದೊತ್ತಡ ತಗ್ಗಿಸುವ ಗುಣವೂ ಅದಕ್ಕಿದೆ. ಅಂಕಿ ಏರಿದವರಿಗೆ ಮಾತ್ರ ಸಾಮಾನ್ಯವಾಗಿ ಎರಡರಿಂದ ಮೂರು ಸಾವಿರದ ಒಳಗೆ ನಿಲ್ಲಿಸುತ್ತಾರೆ.

ಆ ಮಿತಿಯೊಳಗೆ ಯಾವ ತರಕಾರಿ ಎಷ್ಟು ಎಂಬ ಪ್ರಶ್ನೆಗೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಭಾರತೀಯ ಆಹಾರಗಳ ಕೋಷ್ಟಕದಂಥ ಆಧಾರಗಳಿವೆ. ಮಣ್ಣು, ತಳಿ, ಕಾಲಕ್ಕೆ ತಕ್ಕಂತೆ ಅಂಕಿ ಹಿಂದುಮುಂದಾಗುತ್ತದೆ, ಆದರೆ ಸಾಲು ಹೆಚ್ಚು ಬದಲಾಗುವುದಿಲ್ಲ. ನೂರು ಗ್ರಾಂ ಹಸಿ ಸೀಮೆಬದನೆ, ಸೋರೆ, ಹೀರೆ, ಸೌತೆಗಳಲ್ಲಿ ಸುಮಾರು 125ರಿಂದ 150 ಮಿಲಿಗ್ರಾಂ. ಎಲೆಕೋಸು 170ರ ಆಸುಪಾಸು. ಹುರುಳಿಕಾಯಿ, ಬದನೆ, ಟೊಮೆಟೊ 200ರಿಂದ 250. ಬೆಂಡೆ, ಕ್ಯಾರೆಟ್, ಬೀಟ್‌ರೂಟ್ 300ರ ಹತ್ತಿರ. ಆಲೂಗಡ್ಡೆ, ನುಗ್ಗೆಕಾಯಿ 400 ದಾಟುತ್ತವೆ. ಪಾಲಕ್, ದಂಟು 550ರಿಂದ 600ರ ಮೇಲೆ. ಹೀಗೆ ಸಾಲಾಗಿಟ್ಟು ನೋಡಿದರೆ ಟೊಮೆಟೊ ಮೇಲೆ ಕೂರಿಸಿದ ಗೂಬೆ ಅರ್ಧ ಹಾರಿಹೋಗುತ್ತದೆ. ನಾಲ್ಕು ಜನರ ಪಲ್ಯಕ್ಕೆ ಹಾಕಿದ ಒಂದು ಟೊಮೆಟೊದಲ್ಲಿ ಒಬ್ಬರ ಪಾಲಿಗೆ ಬರುವುದು 60 ಮಿಲಿಗ್ರಾಂ. ಟೊಮೆಟೊ ಗೊಜ್ಜು, ಟೊಮೆಟೊ ಬಾತ್, ಬಾಟಲಿ ಸಾಸ್‌ಗಳ ಮಾತು ಬೇರೆ.

ಅಳೆಯುವುದರಲ್ಲೂ ತೊಡಕಿದೆ. ಚಾರ್ಟು ಗ್ರಾಂ ಲೆಕ್ಕ ಹೇಳುತ್ತದೆ, ತಳ್ಳುಗಾಡಿಯವರು ಕಟ್ಟಿನ ಲೆಕ್ಕ ಕೊಡುತ್ತಾರೆ. ಮಳೆಗಾಲದ ಕಟ್ಟಿಗೂ ಬೇಸಿಗೆಯ ಕಟ್ಟಿಗೂ ಹೋಲಿಕೆಯೇ ಇರುವುದಿಲ್ಲ. ಹಾಪ್‌ಕಾಮ್ಸ್ ಮಳಿಗೆಯಲ್ಲಿ ತೂಕಕ್ಕೆ ಸೊಪ್ಪು ಕೊಳ್ಳುವುದು, ಇಲ್ಲವೇ ಬೆಂದ ಪಲ್ಯವನ್ನು ಒಂದೇ ಬಟ್ಟಲಿನಲ್ಲಿ ಅಳೆಯುವುದು ಸುಲಭದ ದಾರಿ. ಅರ್ಧ ಬಟ್ಟಲು ಬಸಿದ ಸೊಪ್ಪಿನ ಪಲ್ಯ ಇಂದು, ನಾಳೆ ಸೀಮೆಬದನೆ, ನಾಡಿದ್ದು ಎಲೆಕೋಸು ಎಂಬ ಸರದಿ ಬಹಳ ಜನರಿಗೆ ಹೊಂದುತ್ತದೆ. ಸೊಪ್ಪು ಎಲ್ಲಿಯದು ಎಂದು ಕೇಳುವುದೂ ಪಶ್ಚಿಮ ಬೆಂಗಳೂರಿನಲ್ಲಿ ಅತಿಯಾದ ಜಾಗ್ರತೆಯಲ್ಲ. ಇದೇ ಭಾಗದ ಕೊಳಚೆಯನ್ನೂ ಕಾರ್ಖಾನೆಗಳ ತ್ಯಾಜ್ಯವನ್ನೂ ಹೊತ್ತ ವೃಷಭಾವತಿ ಕೆಂಗೇರಿ ದಾಟಿ ಬಿಡದಿ ಬಳಿಯ ಬೈರಮಂಗಲ ಕೆರೆ ಸೇರುತ್ತದೆ, ಆ ನೀರಿನಲ್ಲಿ ಬೇಸಾಯವೂ ನಡೆದಿದೆ. ಕ್ಯಾಡ್ಮಿಯಂ, ಸೀಸದಂಥ ಲೋಹಗಳು ಮೊದಲು ಕೆಡಿಸುವ ಅಂಗಗಳಲ್ಲಿ ಮೂತ್ರಪಿಂಡವೂ ಒಂದು. ಅವು ತೊಳೆದರೂ ಹೋಗುವುದಿಲ್ಲ, ಬಸಿದರೂ ಪೂರ್ತಿ ಹೋಗುವುದಿಲ್ಲ.

ತರಕಾರಿಗೆ ಹೆದರುವ ಇದೇ ಊರು ತರಕಾರಿ ರಸಕ್ಕೆ ಹೆದರುವುದಿಲ್ಲ. ಬೆಳಗಿನ ಆರು ಗಂಟೆಗೆ ಪಾರ್ಕುಗಳ ಗೇಟಿನ ಬಳಿ ಸ್ಟೀಲ್ ಕ್ಯಾನುಗಳ ಸಾಲು ನಿಂತಿರುತ್ತದೆ: ಬೂದುಗುಂಬಳ, ಹಾಗಲ, ನೆಲ್ಲಿ, ಬಾಳೆದಿಂಡು, ಗೋಧಿ ಹುಲ್ಲು. ವಾಕಿಂಗ್ ಮುಗಿಸಿ ಒಂದು ಲೋಟ ಕುಡಿದರೆ ದೇಹ ಶುದ್ಧಿಯಾಯಿತೆಂಬ ನಂಬಿಕೆ. ರಸವೆಂದರೆ ನಾರು ತೆಗೆದ, ಬೇಯಿಸದ, ಬಸಿಯದ ತರಕಾರಿ. ತಿನ್ನಲು ಅರ್ಧ ಗಂಟೆ ಬೇಕಾದಷ್ಟು ಪ್ರಮಾಣ ಅರ್ಧ ನಿಮಿಷದಲ್ಲಿ ಒಳಗೆ ಹೋಗುತ್ತದೆ. ಪಾಲಕ್, ಬೀಟ್‌ರೂಟ್ ರಸದಲ್ಲಿ ಪೊಟ್ಯಾಸಿಯಂ ಜೊತೆಗೆ ಆಕ್ಸಲೇಟ್ ಕೂಡ ಇದೆ. ಅದು ಕಲ್ಲಾಗುವುದಷ್ಟೇ ಅಲ್ಲ, ಮೂತ್ರಪಿಂಡದ ನಳಿಕೆಗಳಲ್ಲಿ ಹರಳುಗಟ್ಟಿ ಕೆಲವೇ ದಿನಗಳಲ್ಲಿ ಅದನ್ನು ಕೆಡಿಸಿದ ಉದಾಹರಣೆಗಳಿವೆ. ಕೊಲೆಸ್ಟ್ರಾಲ್ ಇಳಿಯಲೆಂದು ಬಿಂಬುಳಿ ರಸ ಕುಡಿದವರಲ್ಲಿ ಹೀಗಾದದ್ದನ್ನು ಕೇರಳದ ವೈದ್ಯರು 2013ರಲ್ಲಿ ವರದಿ ಮಾಡಿದ್ದಾರೆ. ಕರಾವಳಿ ಕನ್ನಡಿಗರ ಹಿತ್ತಿಲಿನಲ್ಲೂ ಇರುವ ಮರವೇ ಅದು. ಕಹಿಯಾದ ಸೋರೆಕಾಯಿಯ ರಸ ವಿಷವಾಗುತ್ತದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರ ಸಮಿತಿಯೂ ಎಚ್ಚರಿಸಿದೆ. ಹಣ್ಣುಗಳಲ್ಲಿ ಪೂರ್ತಿ ನಿಷಿದ್ಧವೆಂದು ಹೇಳಬೇಕಾದ್ದು ಧಾರೆಹುಳಿ, ಅಂದರೆ ಕಮರಾಕ್ಷಿ. ಅದರಲ್ಲಿರುವ ನರವಿಷವನ್ನು ಕೆಟ್ಟ ಮೂತ್ರಪಿಂಡ ಹೊರಹಾಕಲಾರದು. ನಿಲ್ಲದ ಬಿಕ್ಕಳಿಕೆಯಿಂದ ಶುರುವಾಗಿ ಫಿಟ್ಸ್‌ವರೆಗೆ ಹೋಗಬಹುದು. ಚಾರ್ಟಿನಲ್ಲಿ ಟೊಮೆಟೊಗೆ ಎರಡು ಗೆರೆ ಎಳೆದವರು ಇದನ್ನು ಬರೆಯುವುದನ್ನೇ ಮರೆತಿರುತ್ತಾರೆ.

ಮರೆತ ಇನ್ನೊಂದು ಸಂಗತಿ ಉಪ್ಪು. ದಿನಕ್ಕೆ ಐದು ಗ್ರಾಂ, ಅಂದರೆ ಒಂದು ಟೀ ಚಮಚದ ಒಳಗೆ ಎಂಬ ಮಿತಿ ಹೆಚ್ಚುಕಡಿಮೆ ಎಲ್ಲ ಹಂತದವರಿಗೂ ಅನ್ವಯಿಸುತ್ತದೆ, ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿ ಸೇರಿಸಿ. ಈ ಮಾತು ಕೇಳಿದವರು ಅಂಗಡಿಯಿಂದ ‘ಲೋ ಸೋಡಿಯಂ’ ಉಪ್ಪಿನ ಪೊಟ್ಟಣ ತರುತ್ತಾರೆ. ಅದರಲ್ಲಿ ಸೋಡಿಯಂ ಕಡಿಮೆ ಮಾಡಿ ಸೇರಿಸಿರುವುದು ಪೊಟ್ಯಾಸಿಯಂ ಕ್ಲೋರೈಡ್. ನೂರಕ್ಕೆ ಮೂವತ್ತು ಪಾಲು ಅದಿರುವ ಉಪ್ಪನ್ನು ಐದು ಗ್ರಾಂ ತಿಂದರೆ ಸುಮಾರು 780 ಮಿಲಿಗ್ರಾಂ ಪೊಟ್ಯಾಸಿಯಂ ಒಳಗೆ ಹೋಯಿತು. ನೂರು ಗ್ರಾಂ ಹಸಿ ದಂಟಿನ ಸೊಪ್ಪಿನಲ್ಲಿ ಇರುವುದಕ್ಕಿಂತ ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆ 2025ರ ಜನವರಿಯಲ್ಲಿ ಇಂಥ ಉಪ್ಪಿನ ಬಗ್ಗೆ ಸಲಹೆ ಹೊರಡಿಸಿದಾಗ ಮೂತ್ರಪಿಂಡದ ತೊಂದರೆ ಇರುವವರನ್ನು ಅದರಿಂದ ಹೊರಗಿಟ್ಟಿತು. ಸೋತ ಮೂತ್ರಪಿಂಡ ಸರಿಯಾಗಿ ಹೊರಹಾಕಲಾರದ ರಂಜಕದ್ದೂ ಇದೇ ಕತೆ. ಬೇಳೆ ಕಾಳುಗಳ ರಂಜಕದಲ್ಲಿ ದೇಹ ಹೀರುವುದು ಅರ್ಧಕ್ಕಿಂತ ಕಡಿಮೆ. ಕೋಲಾ, ಸಂಸ್ಕರಿಸಿದ ಚೀಸ್, ಬೇಕರಿ ತಿನಿಸುಗಳಿಗೆ ಬೆರೆಸುವ ಫಾಸ್ಫೇಟ್ ಬಹುಪಾಲು ರಕ್ತಕ್ಕೇ ಸೇರುತ್ತದೆ. ಕಾಳು ಬಿಟ್ಟು ಬನ್ ತಿಂದವರಿಗೆ ಆ ಲೆಕ್ಕ ತಿಳಿದಿರುವುದಿಲ್ಲ.

ಇಷ್ಟೆಲ್ಲ ಜಾಗ್ರತೆ ಮಾಡಿಯೂ ಪೊಟ್ಯಾಸಿಯಂ ಅಂಕಿ ಏರಿದರೆ ತಟ್ಟೆಯಾಚೆ ನೋಡಬೇಕು. ಬಿಪಿಗೂ ಮೂತ್ರಪಿಂಡದ ರಕ್ಷಣೆಗೂ ಕೊಡುವ ಟೆಲ್ಮಿಸಾರ್ಟಾನ್, ಲೋಸಾರ್ಟಾನ್, ರಾಮಿಪ್ರಿಲ್‌ಗಳು, ಸ್ಪೈರನೋಲ್ಯಾಕ್ಟೋನ್, ಮಂಡಿನೋವಿಗೆಂದು ಅಂಗಡಿಯಲ್ಲಿ ಕೇಳಿ ನುಂಗುವ ನೋವಿನ ಮಾತ್ರೆಗಳು ಪೊಟ್ಯಾಸಿಯಂ ಏರಿಸಬಲ್ಲವು. ನೋವಿನ ಮಾತ್ರೆಯನ್ನು ಬಿಡಲೇಬೇಕು. ಬಿಪಿ ಮಾತ್ರೆಯನ್ನು ವೈದ್ಯರನ್ನು ಕೇಳದೆ ಬಿಡಬಾರದು. ರಕ್ತ ತೆಗೆಯುವಾಗ ತೋಳಿಗೆ ಪಟ್ಟಿ ಬಿಗಿದು ಮುಷ್ಟಿಯನ್ನು ಪದೇಪದೇ ಮಡಚಿಸಿದರೂ, ಸ್ಯಾಂಪಲ್ ಲ್ಯಾಬಿಗೆ ತಡವಾಗಿ ಹೋದರೂ ಸ್ನಾಯುಗಳಿಂದಲೋ ರಕ್ತಕಣಗಳಿಂದಲೋ ಪೊಟ್ಯಾಸಿಯಂ ಹೊರಬಂದು ಅಂಕಿ ಸುಳ್ಳೇ ಏರುತ್ತದೆ. ಅನಿರೀಕ್ಷಿತವಾಗಿ ಏರಿದ ಅಂಕಿಯನ್ನು ವೈದ್ಯರು ಆ ಕೂಡಲೇ ಮತ್ತೊಮ್ಮೆ ಪರೀಕ್ಷಿಸುವುದು ಅದಕ್ಕೇ.

ಡಯಾಲಿಸಿಸ್ ಶುರುವಾದ ಮೇಲೆ ಲೆಕ್ಕಕ್ಕೆ ವಾರದ ದಿನಗಳೂ ಸೇರುತ್ತವೆ. ವಾರಕ್ಕೆ ಮೂರು ಸಲ, ಪ್ರತಿ ಸಲ ನಾಲ್ಕು ಗಂಟೆ ಎಂಬುದು ರೂಢಿಯ ಕ್ರಮ. ಖರ್ಚು, ಓಡಾಟದ ಕಾರಣಕ್ಕೆ ಇಲ್ಲಿ ಎರಡೇ ಸಲ ಮಾಡಿಸಿಕೊಳ್ಳುವವರೂ ಬಹಳ. ಎರಡು ಡಯಾಲಿಸಿಸ್ ನಡುವಿನ ಅಂತರ ದೊಡ್ಡದಾದಷ್ಟೂ ಪೊಟ್ಯಾಸಿಯಂ, ನೀರು ಎರಡೂ ಶೇಖರವಾಗುತ್ತವೆ. ಆ ದೀರ್ಘ ಅಂತರದ ಕೊನೆಯ ದಿನ, ಅದು ಬಹಳ ಜನರಿಗೆ ಭಾನುವಾರ, ಸೀಮೆಬದನೆ, ಸೋರೆಕಾಯಿಯಂಥದ್ದನ್ನೇ ಬಸಿದು ತಿನ್ನುವುದು ಕ್ಷೇಮ. ಬಂಧುಗಳ ಮನೆಯ ಊಟ, ಮದುವೆ ಮನೆಯ ಎಲೆ ಎದುರಾಗುವುದೂ ಅದೇ ಭಾನುವಾರ. ಆದರೆ ಇವರಿಗೂ ತರಕಾರಿ ಪೂರ್ತಿ ವರ್ಜ್ಯವಲ್ಲ. ಯುರೋಪ್ ಮತ್ತು ದಕ್ಷಿಣ ಅಮೆರಿಕದ ಎಂಟು ಸಾವಿರಕ್ಕೂ ಹೆಚ್ಚು ಡಯಾಲಿಸಿಸ್ ರೋಗಿಗಳನ್ನು ಗಮನಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹಣ್ಣು ತರಕಾರಿ ಹೆಚ್ಚು ತಿಂದವರಲ್ಲಿ ಸಾವು ಕಡಿಮೆಯಿತ್ತು. ಹೆಚ್ಚು ತಿನ್ನುವಷ್ಟು ಗಟ್ಟಿಯಾಗಿದ್ದವರೇ ಹೆಚ್ಚು ಕಾಲ ಬದುಕಿರಲೂಬಹುದು, ಇಂಥ ಅಧ್ಯಯನ ಅದನ್ನು ಬಿಡಿಸಿ ಹೇಳಲಾರದು. ತರಕಾರಿ ತಿಂದರೆ ಸಾಯುತ್ತಾರೆ ಎಂಬ ಮಾತಿಗಂತೂ ಅದರಲ್ಲಿ ಬೆಂಬಲ ಸಿಗುವುದಿಲ್ಲ.

ಕಸಿಯಾಗಿ ಹೊಸ ಮೂತ್ರಪಿಂಡ ಕೆಲಸ ಹಿಡಿದರೆ ಹಾಳೆಯ ಬಹುಪಾಲು ಗೆರೆಗಳು ಅಳಿಸಿಹೋಗುತ್ತವೆ. ಹೊಸ ಅಂಗವನ್ನು ದೇಹ ತಿರಸ್ಕರಿಸದಿರಲೆಂದು ಕೊಡುವ ಟ್ಯಾಕ್ರೋಲಿಮಸ್ ಕೆಲವರಲ್ಲಿ ಪೊಟ್ಯಾಸಿಯಂ ಏರಿಸುವುದರಿಂದ ಮೊದಲ ತಿಂಗಳುಗಳಲ್ಲಿ ರಕ್ತಪರೀಕ್ಷೆ ತಪ್ಪುವುದಿಲ್ಲ. ಆಗ ಎದುರಾಗುವ ನಿಷೇಧಗಳು ಬೇರೆ ಜಾತಿಯವು. ಗ್ರೇಪ್‌ಫ್ರೂಟ್ ಮತ್ತು ಅದರ ಹತ್ತಿರದ ಬಂಧುವಾದ, ದೇವನಹಳ್ಳಿಗೆ ಹೆಸರು ತಂದ ಚಕ್ಕೋತ ಹಣ್ಣು ಆ ಮಾತ್ರೆಯ ಅಂಶವನ್ನು ರಕ್ತದಲ್ಲಿ ಏರಿಸಬಹುದಾದ್ದರಿಂದ ಅವನ್ನು ದೂರವಿಡುತ್ತಾರೆ. ಚಕ್ಕೋತ ಸೊಪ್ಪಿಗೂ ಆ ಹಣ್ಣಿಗೂ ಹೆಸರಿನ ಹೊರತು ನಂಟಿಲ್ಲ, ಅದನ್ನು ಬಿಡಬೇಕಾಗಿಲ್ಲ. ರೋಗನಿರೋಧಕ ಶಕ್ತಿಯನ್ನು ಬೇಕೆಂದೇ ತಗ್ಗಿಸಿರುವುದರಿಂದ ಹಸಿ ತರಕಾರಿಯ ಕೊಳೆ, ಮೊಳಕೆಕಾಳಿನ ಸೂಕ್ಷ್ಮಜೀವಿಗಳು ಸೋಂಕು ತರಬಲ್ಲವು. ಮನೆಯ ಕೋಸಂಬರಿಗೆ ಸೌತೆಕಾಯಿಯನ್ನು ಹರಿಯುವ ನೀರಿನಲ್ಲಿ ತೊಳೆದು, ಸಿಪ್ಪೆ ತೆಗೆದು, ಹೆಚ್ಚಿದ ಕೂಡಲೇ ತಿನ್ನಬೇಕು. ಬೀದಿಬದಿಯಲ್ಲಿ ಉಪ್ಪು ಖಾರ ಸವರಿ ಕೊಡುವ ಸೌತೆಕಾಯಿಗೆ ಕೈಯೊಡ್ಡುವುದನ್ನು ವೈದ್ಯರು ಹೇಳುವವರೆಗೆ ತಡೆಹಿಡಿಯಬೇಕು. ಬಸ್ಸಾರಿನ ಪಾತ್ರೆಯಿಂದ ಪಲ್ಯದ ಜೊತೆ ಒಂದು ಸೌಟು ಸಾರನ್ನೂ ಬಡಿಸಿಕೊಳ್ಳುವುದು ಆ ಹೊತ್ತಿಗೆ ಬಂದ ಪೊಟ್ಯಾಸಿಯಂ ಅಂಕಿಯ ಮೇಲೆ ನಿಂತಿದೆ; ಅದು ಸರಿಯಿದ್ದರೆ ಅಡ್ಡಿಯಿಲ್ಲ.